ಕಂಬಳಿ ಅವ್ವ ಆರಿಸಿಕೊಟ್ಟ ನಾಯಿ

ಮೊನ್ನೆ ರಾಯಚೂರಿನಲ್ಲಿ ತಮ್ಮನ ಮನೆಯ ಜಗಲಿಯ ಮೇಲೆ ಕೂತಿದ್ದೆ. ಮಳೆಗೆ ಸಿಕ್ಕ ಕುರಿಯವನೊಬ್ಬ ಬಂದು ಗೋಡೆಗೆ ಆನಿಕೊಂಡು ನಿಂತ. ತೊಯ್ದ ಕಂಬಳಿಯ ವಾಸನೆ ಮೂಗಿಗೆ ಬಡಿದಿದ್ದೇ ತಡ, ನನ್ನ ಎದೆ ಧಸಕ್ಕೆಂದಿತು. ಎಂಬತ್ತು ದಾಟಿದ ಮುದುಕಿಗೆ ಇದೆಂಥ ಹೆದರಿಕೆ ಅಂತ ತಮ್ಮ ನಕ್ಕ. ನಗಲಿ ಬಿಡಿ, ಅವನಿಗೇನು ಗೊತ್ತು...

ನಾವಾಗ ಮಾನ್ವಿಯಲ್ಲಿದ್ದೆವು. ನಿಜಾಮರ ಕಾಲ. ನನಗೆ ಏಳೋ ಎಂಟೋ ವರ್ಷ, ತಮ್ಮ ಇನ್ನೂ ಅಂಬೆಗಾಲಿಡುವ ಕೂಸು. ಅಪ್ಪ ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ಮನೆ ಊರಂಚಿನಲ್ಲಿತ್ತು. ನಮ್ಮ ಬಾವಿಯ ಪಕ್ಕದ ಗಿಡ್ಡ ಗೋಡೆಯಾಚೆ, ಕುರಿ ಸಾಕಿ ಉಣ್ಣೆ ನೂಲುವ ಹೆಂಗಸೊಬ್ಬಳು ಒಂಟಿಯಾಗಿದ್ದಳು. ನಮಗೆಲ್ಲ ಅವಳು ಕಂಬಳಿ ಅವ್ವ.

ಆ ವರ್ಷ ತೋಳಗಳು ಊರೊಳಕ್ಕೇ ಬರತೊಡಗಿದ್ದವು. ಪಕ್ಕದ ಓಣಿಯಲ್ಲಿ ಅಂಗಳದಲ್ಲಿ ಮಲಗಿಸಿದ್ದ ಕೂಸೊಂದು ಹೋಯಿತು. ಸಿಕ್ಕಿದ್ದು ಅದರ ಕುಲಾವಿ ಮಾತ್ರ. ಅಂದಿನಿಂದ ಅಮ್ಮ ತಮ್ಮನನ್ನು ಕಂಕುಳಿಂದ ಇಳಿಸಲಿಲ್ಲ. ನಾಯಿ ಸಾಕಲೇಬೇಕು ಅಂತ ಅವಳೇ ಹಟ ಹಿಡಿದಳು. "ಪೂಜಿ ಮಾಡೋರ ಮನ್ಯಾಗ ನಾಯೇನ? ಹರಿ ಹರಿ!" ಅಂತ ಅಜ್ಜಿ ಕಿವಿ ಮುಚ್ಚಿಕೊಂಡಳು. ಕೊನೆಗೆ, ಅಂಗಳ ದಾಟಿ ಒಳಗೆ ಬರಕೂಡದು, ಯಾರೂ ಮುಟ್ಟಕೂಡದು ಅಂತ ಒಪ್ಪಿದಳು.

ಕಂಬಳಿ ಅವ್ವನ ಮನೆಯಲ್ಲೇ ಮರಿಗಳಿದ್ದವು. ಅವಳು ತಮ್ಮನ ಒಗೆಯದ ಲಂಗೋಟಿ ಬೇಡಿ ತೆಗೆದುಕೊಂಡು ಮರಿಗಳ ನಡುವೆ ಹಾಸಿದಳು. ಒಂದು ಮರಿ ಅದನ್ನು ಎಳೆದಾಡಿತು, ಇನ್ನೊಂದು ಮೂಸಿ ನೋಡಿ ಹೋಯಿತು. ಕರಿ ಮರಿಯೊಂದು ಮಾತ್ರ ಸುತ್ತು ಹಾಕಿ ಅದರ ಮೇಲೇ ಮಲಗಿಬಿಟ್ಟಿತು.

"ನೋಡು ಯವ್ವಾ, ಇದು ಕೂಸಿನ ನಾಯಿ," ಅಂದಳು ಅಮ್ಮನಿಗೆ. "ದಿನಾ ಒಮ್ಮಿ ಮೈಮ್ಯಾಲ ಕೈ ಆಡಸ್ರಿ. ಕೂದಲ ದಟ್ಟ ಅದ, ಗಾಯ ಆದ್ರ ಕಣ್ಣಿಗಿ ಕಾಣಂಗಿಲ್ಲ."

ಕೈ ಆಡಿಸುವವರು ಯಾರು? ನಮ್ಮಜ್ಜಿಯ ಮಡಿಯ ಬಗ್ಗೆ ಕೇಳಲೇಬೇಡಿ. ನಾಯಿಯ ಬಾಲ ತಾಗಿದರೂ ತಲೆ ಮೇಲೆ ತಣ್ಣೀರು, ಜ್ವರ ಬಂದಿದ್ದರೂ ಸರಿ. ರೊಟ್ಟಿಯನ್ನು ದೂರದಿಂದಲೇ ಎಸೆಯುತ್ತಿದ್ದೆವು. ಪಾಪ, ಅದಕ್ಕೆ ಬೇಸರವೇ ಇರಲಿಲ್ಲ. ತಮ್ಮನನ್ನು ಕೂರಿಸಿದ ಕಟ್ಟೆಯ ಕೆಳಗೆ ದಿನವಿಡೀ ಬಿದ್ದಿರುತ್ತಿತ್ತು.

ಅದು ಬೆಳೆದು ದೊಡ್ಡದಾಗುವಷ್ಟರಲ್ಲಿ ಒಂದು ಮಧ್ಯಾಹ್ನ ತೋಳ ನೆಟ್ಟಗೆ ಅಂಗಳಕ್ಕೇ ಬಂತು. ಹೊಂಚಲಿಲ್ಲ, ಅಡಗಲಿಲ್ಲ, ತೂರಾಡುತ್ತ ಬಂತು. ನಾಯಿ ಅದರ ಮೇಲೆ ಬಿತ್ತು. ಎರಡೂ ಧೂಳಿನಲ್ಲಿ ಹೊರಳಾಡಿದವು, ಆಮೇಲೆ ತೋಳ ಕುಂಟುತ್ತ ಹೋಯಿತು. ಓಣಿಯವರು ನಮ್ಮ ನಾಯಿಯನ್ನು ಹೊಗಳಿದ್ದೇ ಹೊಗಳಿದ್ದು. ಅಜ್ಜಿಯೇ ತುಪ್ಪ ಸವರಿದ ಹೋಳಿಗೆ ಎಸೆದಳು, ದೂರದಿಂದ.

ಕಂಬಳಿ ಅವ್ವ ಮಾತ್ರ ನಗಲಿಲ್ಲ. ಗೋಡೆಯ ಮೇಲಿಂದ ಕೇಳಿದಳು: "ಹಾಡಾಹಗಲ ಬಂದಿತ್ತಾ? ನಾಯಿಗಿ ಕಚ್ಚೇದೇನು ನೋಡ್ರಿ."

"ಎಲ್ಲೂ ರಕ್ತ ಇಲ್ಲವ್ವಾ," ಅಂದರು ಅಪ್ಪ, ಜಗಲಿಯಿಂದಲೇ ಬಗ್ಗಿ ನೋಡಿ.

"ಮುಟ್ಟಿ ನೋಡಿದ್ರೇನು?"

ಅಪ್ಪ ಮಡಿಯುಟ್ಟು ಗುಡಿಗೆ ಹೊರಟಿದ್ದರು. ತಾನೇ ಬಂದು ನೋಡುತ್ತೇನೆ ಅಂದಳು ಅವಳು. ಅಂಗಳದಲ್ಲಿ ಅಜ್ಜಿಯ ಮಡಿಸೀರೆ ಒಣಗುತ್ತಿತ್ತು. "ನಾಳಿ ಬಾರವ್ವಾ," ಅಂತ ಅಜ್ಜಿ ಸಾಗಹಾಕಿದಳು. ಮರುದಿನ ನಸುಕಿನಲ್ಲೇ ಅವಳು ಮೇವು ಹುಡುಕಿ ಕುರಿ ಹೊಡೆದುಕೊಂಡು ದೇವದುರ್ಗದ ಕಡೆ, ಕೃಷ್ಣೆಯ ದಂಡೆಗೆ ಹೋಗಿಬಿಟ್ಟಳು.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ನಾಯಿಯ ದನಿ ಒಡೆಯಿತು. ರೊಟ್ಟಿ ಬಿಟ್ಟು ಮಣ್ಣು ಕಚ್ಚತೊಡಗಿತು. ಬಿಸಿಲಿಗೆ ಹೀಗಾಗಿದೆ ಅಂದುಕೊಂಡೆವು...

ಕಂಬಳಿ ಅವ್ವ ತಿರುಗಿ ಬಂದ ದಿನವೇ ಅದು ಆಯಿತು. ತಮ್ಮ ಕಟ್ಟೆ ಇಳಿದು ನಾಯಿಯ ಕಡೆ ತಪ್ಪು ಹೆಜ್ಜೆ ಇಡುತ್ತ ಹೊರಟಿದ್ದ. ನಾಯಿಗೆ ಅವನ ಗುರುತೇ ಹತ್ತಲಿಲ್ಲ, ಹಲ್ಲು ಕಿರಿದು ಎದ್ದಿತು. ನಾನು ಕಿರುಚಿದೆ. ಅವಳು ಗೋಡೆ ಹಾರಿ ಬಂದು, ಒಂದು ಕೈಯಲ್ಲಿ ಕೂಸನ್ನು ಎತ್ತಿ, ಕಂಬಳಿ ಸುತ್ತಿದ ಇನ್ನೊಂದು ಕೈಯನ್ನು ನಾಯಿಯ ಬಾಯಿಗೆ ಕೊಟ್ಟಳು. ಓಣಿಯವರು ಬಡಿಗೆ ಹಿಡಿದು ಓಡಿ ಬಂದರು. ನಾಯಿಯ ಕಥೆ ಅಲ್ಲಿಗೆ ಮುಗಿಯಿತು.

"ಅಯ್ಯಯ್ಯೋ, ಮೈಲಿಗಿ ಆತಲ್ಲೋ!" ಅಜ್ಜಿ ಕೂಸನ್ನು ಕಸಿದುಕೊಂಡು ಬಾವಿಕಟ್ಟೆಗೆ ಒಯ್ದು ಕೊಡದಿಂದ ನೀರು ಸುರಿದಳು. ಅವನು ಕಿಲಕಿಲ ನಕ್ಕ. ಕಂಬಳಿ ಅವ್ವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೂರ ನಿಂತಿದ್ದಳು.

"ಕೂಸಿಗಿ ಏನೂ ಆಗಿಲ್ಲಲ್ರೀ?"

ಇಲ್ಲ ಅಂದಳು ಅಮ್ಮ. ಅವಳ ಕೈಗೇನಾಯಿತು ಅಂತ ನಮ್ಮ ಮನೆಯವರು ಒಬ್ಬರೂ ಕೇಳಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಅವರೆಲ್ಲರ ಮೇಲೆ ಸಿಟ್ಟು ಉಕ್ಕುತ್ತದೆ, ಎಲ್ಲರೂ ತೀರಿಹೋಗಿದ್ದರೂ.

ಕಂಬಳಿ ದಾಟಿ ಹಲ್ಲು ನಾಟಿತ್ತು, ಹುಚ್ಚುನಾಯಿಯ ನಂಜು ಅವಳಿಗೂ ಏರಿದೆ ಅಂತ ನಮಗೆ ಗೊತ್ತಾಗುವಷ್ಟರಲ್ಲಿ ವಾರಗಳು ಕಳೆದು ಕಾಲ ಮಿಂಚಿತ್ತು. ರಾಯಚೂರಿನ ದವಾಖಾನೆಗೆ ಒಯ್ಯುತ್ತೇನೆ ಅಂತ ಅಪ್ಪ ಗಾಡಿ ಕಟ್ಟಿಸಿದರು. ಅವಳು ಏಳುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ಸ್ನಾನಕ್ಕೆ ನೀರು ಸೇದಲು ಕೊಡ ಇಳಿಬಿಟ್ಟಳು. ಕೊಡ ನೀರಿಗೆ ಮುಳುಗಿದ ಸದ್ದಿಗೆ ಗೋಡೆಯಾಚೆಯಿಂದ ಅವಳು ಚೀರಿದಳು. ಅಂಥ ಚೀರಾಟ ನಾನು ಮತ್ತೆಂದೂ ಕೇಳಿಲ್ಲ.

ಅಜ್ಜಿ ಕೊಡವನ್ನು ಸದ್ದಾಗದಂತೆ ಮೆಲ್ಲಗೆ ಎಳೆದುಕೊಂಡು, ಹಗ್ಗ ಬಿಚ್ಚಿ, ಅಲ್ಲೇ ಕುಸಿದು ಕೂತಳು. ಅವತ್ತು ನಮ್ಮ ಮನೆಯಲ್ಲಿ ಯಾರೂ ಸ್ನಾನ ಮಾಡಲಿಲ್ಲ. ದೇವರಿಗೂ ನೀರು ಇಡಲಿಲ್ಲ. ಸಂಜೆಯ ಹೊತ್ತಿಗೆ ಆಚೆಯ ದನಿ ನಿಂತಿತು. ಆಗ ಅಜ್ಜಿ ಎದ್ದು, ಮೈಲಿಗೆಯ ಸೀರೆಯಲ್ಲೇ, ಮೊದಲ ಬಾರಿಗೆ ಅವಳ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗಿ ಅವಳ ಕೈ ಹಿಡಿದುಕೊಂಡಳು.

ತಮ್ಮನ ಮೈಮೇಲೆ ಒಂದು ಗೀರೂ ಇಲ್ಲ. ಮೊಮ್ಮಕ್ಕಳನ್ನು ಕಂಡಿದ್ದಾನೆ. ಅವಳ ಮುಖ ನೆನಪಿರುವವರಲ್ಲಿ ಈಗ ಉಳಿದವಳು ನಾನೊಬ್ಬಳೇ...