ಬಾಟಲಿಯೊಳಗಿನ ಹೂವಿನ ಬಣ್ಣ

ಕಳಮಶ್ಶೇರಿಯಲ್ಲಿ ನಾನು ಗೆಸ್ಟ್ ಲೆಕ್ಚರರ್ ಆಗಿ ಸೇರಿದ ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬಿನಲ್ಲಿ ಒಂದು ಬಟರ್‌ಕಪ್ ಗಿಡವಿತ್ತು. ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಅದು ಕಳೆಯಂತೆ ಬೆಳೆಯುತ್ತದಂತೆ. ನಮ್ಮಲ್ಲಿ ಫಾರ್ಮಲಿನ್ ತುಂಬಿದ ಗಾಜಿನ ಬಾಟಲಿಯಲ್ಲಿತ್ತು. ಎಷ್ಟು ವರ್ಷದಿಂದ ಇದೆ ಎಂದು, ಎಲ್ಲರೂ ಅಣ್ಣ ಎಂಬರ್ಥದಲ್ಲಿ ಚೇಟ್ಟನ್ ಎನ್ನುವ ಅಟೆಂಡರನ್ನು ಕೇಳಿದೆ.

"ನಾನು ಬರೋಕ್ಕಿಂತ ಮುಂಚಿಂದ," ಎಂದರು. ಅವರಿಗೆ ನಿವೃತ್ತಿ ಹತ್ತಿರವಾಗಿತ್ತು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಆ ಬಾಟಲಿಯ ಮುಂದೆ ಕೂತು ಹೂವಿನ ಚಿತ್ರ ಬಿಡಿಸಿ ವಿವರಣೆ ಬರೆಯಬೇಕು. ದಳಗಳ ಬಣ್ಣ ಹಳದಿ, ಹೊಳಪುಳ್ಳದ್ದು ಎಂದು ಉತ್ತರದ ಕೀ ಹೇಳುತ್ತದೆ. ಫಾರ್ಮಲಿನ್‌ನಲ್ಲಿ ನೆನೆದು ನೆನೆದು ಹೂವು ಚಹಾ ಚರಟದ ಬಣ್ಣಕ್ಕೆ ತಿರುಗಿತ್ತು. ಆದರೂ ಎಲ್ಲರೂ ಹಳದಿ ಎಂದೇ ಬರೆಯುತ್ತಿದ್ದರು. ತಿರುವನಂತಪುರದಲ್ಲಿ ಓದುವಾಗ ಇಂಥದ್ದೇ ಇನ್ನೊಂದು ಬಾಟಲಿಯ ಮುಂದೆ ಕೂತು ನಾನೂ ಹಾಗೇ ಬರೆದಿದ್ದೆ. ಪೂರ್ತಿ ಅಂಕ ಬಂದಿತ್ತು.

ಆ ವರ್ಷ ಒಬ್ಬಳು ಕಂದು ಎಂದು ಬರೆದಳು. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಅಂಕ ಕಳೆದರು. ಎರಡು ಅಂಕಕ್ಕೆ ಅವಳು ಫೇಲಾದಳು. ಅಂಕಗಳ ಪಟ್ಟಿಗೆ ಒಳ ಪರೀಕ್ಷಕಿಯಾಗಿ ನನ್ನ ಸಹಿಯೂ ಬೇಕಿತ್ತು. ಹಾಕಿದೆ.

ಫಲಿತಾಂಶ ಬಂದ ಮೇಲೆ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

"ಮಿಸ್ಸೇ, ಅದು ಕಂದು ಬಣ್ಣಾನೇ ಅಲ್ವಾ?"

"ಹೌದು."

"ಮತ್ತೆ?"

"ಕೀಯಲ್ಲಿ ಹಳದಿ ಅಂತ ಇದೆ."

"ನೀವು ಹಳದಿಯದ್ದು ನೋಡಿದ್ದೀರಾ?"

"ಇಲ್ಲ."

ಅವಳು ಸ್ವಲ್ಪ ಯೋಚಿಸಿ, "ಕೀ ಬರೆದವರು ನೋಡಿರ್ತಾರೆ ಬಿಡಿ," ಎಂದು ನನಗೇ ಸಮಾಧಾನ ಹೇಳಿ ಹೋದಳು. ಆ ಪ್ರಾಕ್ಟಿಕಲ್ ಪಾಸಾಗುವವರೆಗೆ ಅವಳಿಗೆ ಪದವಿ ಇಲ್ಲ. ಪದವಿ ಇಲ್ಲದೆ ಎಂ.ಎಸ್ಸಿ.ಗೆ ಅರ್ಜಿ ಹಾಕುವಂತಿಲ್ಲ. ಮುಂದಿನ ಪರೀಕ್ಷೆ ಮತ್ತೆ ಮಾರ್ಚ್‌ನಲ್ಲಿ.

ಅದೇ ಬೇಸಿಗೆಯಲ್ಲಿ, ಪಠ್ಯಕ್ರಮವನ್ನು ವಸಾಹತುಶಾಹಿ ಪ್ರಭಾವದಿಂದ ಬಿಡಿಸುವ ಸಮಿತಿಗೆ ನನ್ನನ್ನೂ ಸೇರಿಸಲಾಗಿದೆ ಎಂಬ ಪತ್ರ ಬಂತು. ನಾನು ಒಂದೇ ಸಲಹೆ ಬರೆದೆ. ಬಟರ್‌ಕಪ್ ತೆಗೆದು ತುಂಬೆ ಇಡಬೇಕು. ವಿದ್ಯಾರ್ಥಿಗಳೇ ಕಿತ್ತು ತಂದು ನೋಡಿ ಬರೆಯಬೇಕು. ನಮ್ಮ ಲ್ಯಾಬಿನ ಹಿಂಗೋಡೆಗೂ ಸ್ಕೂಟರ್ ಸ್ಟ್ಯಾಂಡಿಗೂ ನಡುವೆ ತುಂಬೆ ತಾನಾಗಿ ಬೆಳೆಯುತ್ತಿತ್ತು.

ಸಭೆ ತಿರುವನಂತಪುರದಲ್ಲಿ. ಅಪ್ಪ ಬಾಹ್ಯಾಕಾಶ ಕೇಂದ್ರಕ್ಕೆ ವರ್ಗವಾಗಿ ಬಂದಾಗಿನಿಂದ ಮನೆಯವರು ಅಲ್ಲೇ ಇದ್ದಾರೆ. ಬೆಳಗಿನ ರೈಲಿನಲ್ಲಿ ಹೋಗಿ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು, ಬ್ಯಾಗ್ ಇಡಲು ಮನೆಗೆ ಹೋದೆ. ಅಮ್ಮ ವಿಷಯ ಕೇಳಿದರು.

"ಅಲ್ಲ ಕಣೇ, ತುಂಬೆ ಗಿಡಕ್ಕೆ ಮೀಟಿಂಗಾ?"

"ಸಿಲಬಸ್ಸಿಗೆ ಸೇರಿಸ್ಬೇಕಮ್ಮ."

"ನಮ್ಮಜ್ಜಿ ಕೆಮ್ಮು ಬಂದ್ರೆ ಅದರ ರಸ ಹಿಂಡಿ ಕೊಡೋರು. ಯಾವ ಮೀಟಿಂಗೂ ಕರೀತಿರ್ಲಿಲ್ಲಪ್ಪ."

ಸಮಿತಿಯ ಅಧ್ಯಕ್ಷರು ಹಿರಿಯ ಪ್ರಾಧ್ಯಾಪಕರು. ಬ್ರಿಟಿಷರು ಹೋದರೂ ಅವರ ಪಠ್ಯ ನಮ್ಮ ತಲೆಯಲ್ಲಿ ಹೇಗೆ ಕೂತಿದೆ ಎಂದು ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದರು. ಅವರು ಉಲ್ಲೇಖಿಸಿದ ಮೂರು ಪುಸ್ತಕಗಳೂ ವಿದೇಶಿ ವಿಶ್ವವಿದ್ಯಾಲಯಗಳದ್ದು. ಅವರು ಹೇಳಿದ್ದೆಲ್ಲ ನನಗೆ ಸರಿ ಎನಿಸಿ ಬರೆದುಕೊಂಡೆ. ಪರಿಪ್ಪುವಡೆ, ಚಹಾ ಆದ ಮೇಲೆ ನನ್ನ ಸಲಹೆ ಬಂತು.

"ಒಳ್ಳೇದು, ಮೋಳೇ," ಎಂದರು ಅಧ್ಯಕ್ಷರು, ಮಗಳೇ ಎನ್ನುವ ಧಾಟಿಯಲ್ಲಿ. "ರೆಫರೆನ್ಸ್ ಪುಸ್ತಕ ಯಾವುದು?"

"ಗಿಡವೇ ಇದೆಯಲ್ಲ, ಸಾರ್. ಓಣಂ ಬಂದರೆ ಎಲ್ಲರ ಮನೆ ಮುಂದಿನ ಪೂಕಳದ ಹೂರಂಗೋಲಿಯಲ್ಲೂ ಇಡ್ತಾರೆ."

"ಇಡ್ತಾರೆ. ಆದರೆ ರೆಫರೆನ್ಸ್ ಕಾಲಂ ಖಾಲಿ ಬಿಡೋ ಹಾಗಿಲ್ಲ."

ಲೈಬ್ರರಿಯಿಂದ ಒಂದು ಪುಸ್ತಕ ತರಿಸಿದರು. ನೂರು ವರ್ಷಕ್ಕೂ ಹಿಂದೆ ಲಂಡನ್ನಿನಲ್ಲಿ ಅಚ್ಚಾಗಿದ್ದು, ಬರೆದವನು ಬ್ರಿಟಿಷ್ ಅಧಿಕಾರಿ. ಅದರಲ್ಲಿ ತುಂಬೆ ಇತ್ತು. ಕಾಲಂ ತುಂಬಿತು.

ಆಗ ಸದಸ್ಯೆಯೊಬ್ಬರು ಕೈ ಎತ್ತಿದರು. ಪರೀಕ್ಷೆ ಮಾರ್ಚ್‌ನಲ್ಲಿ, ಆಗ ತುಂಬೆ ಒಣಗಿರುತ್ತದೆ. ಒಬ್ಬಳಿಗೆ ಒಳ್ಳೆಯ ಹೂವು, ಇನ್ನೊಬ್ಬಳಿಗೆ ಬಾಡಿದ್ದು ಸಿಕ್ಕರೆ ದೂರು ಬರುತ್ತದೆ ಎಂದರು. ಅವರು ಹೇಳಿದ್ದು ನಿಜ. ನಿರ್ಣಯ ಹೀಗಾಯಿತು: ತುಂಬೆ, ಫಾರ್ಮಲಿನ್‌ನಲ್ಲಿ ಸಂರಕ್ಷಿಸಿದ್ದು. ಸಲಹೆ ನನ್ನದಾದ್ದರಿಂದ ಉತ್ತರದ ಕೀ ಬರೆಯುವ ಕೆಲಸವೂ ನನಗೇ ಬಂತು. ದಳಗಳು ಬಿಳಿ ಎಂದು ಬರೆದು ಕಳಿಸಿದೆ.

ಮಳೆ ನಿಂತ ಮೇಲೆ ಚೇಟ್ಟನ್ ಸ್ಕೂಟರ್ ಸ್ಟ್ಯಾಂಡಿನಿಂದ ತುಂಬೆ ಕಿತ್ತು ತಂದರು. ಬಟರ್‌ಕಪ್ಪನ್ನು ಹೊರಗೆ ಚೆಲ್ಲಿ ಅದೇ ಬಾಟಲಿಯನ್ನು ತೊಳೆದರು. "ಬಾಟಲಿ ಇನ್ನೂ ಗಟ್ಟಿಯಾಗಿದೆ," ಎಂದರು. ಮಾರ್ಚ್ ಹೊತ್ತಿಗೆ ತುಂಬೆ ಹೂವೂ ಚಹಾ ಚರಟದ ಬಣ್ಣಕ್ಕೆ ಬಂದಿತ್ತು.

ಹಳೆಯ ಸಿಲಬಸ್ ರದ್ದಾಗಿದ್ದರಿಂದ ಆ ಹುಡುಗಿ ಹೊಸದರಲ್ಲೇ ಪರೀಕ್ಷೆಗೆ ಕೂತಳು. ಜಾಗ ಕಿಟಕಿಯ ಪಕ್ಕ. ಹೊರಗೆ, ಸೋರುವ ನಲ್ಲಿಯ ಕೆಳಗೆ, ಒಂದೇ ಒಂದು ತುಂಬೆ ಒಣಗದೆ ಹೂ ಬಿಟ್ಟುಕೊಂಡು ಉಳಿದಿತ್ತು. ಅವಳು ಬಾಟಲಿ ನೋಡಿದಳು, ಕಿಟಕಿಯಾಚೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಹಾಜರಿ ಪಟ್ಟಿ ನೋಡಿದೆ.

ಅವಳು ಬಿಳಿ ಎಂದು ಬರೆದಿದ್ದಳು. ಅದರ ಕೆಳಗಿನ ಸಾಲಿನಲ್ಲಿ, ಬಾಟಲಿಯಲ್ಲಿ ಕಂದು ಎಂದೂ ಬರೆದಿದ್ದಳು. ಪರೀಕ್ಷಕರು ಮೊದಲ ಸಾಲಿಗೆ ಅಂಕ ಕೊಟ್ಟು ಎರಡನೆಯದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದರು.

"ಅದೂ ಸರಿಯೇ ಅಲ್ವಾ, ಸಾರ್?" ಎಂದೆ.

"ಕೀಯಲ್ಲಿಲ್ಲ. ಈ ಕೀ ಬರೆದವರು ಯಾರೋ?"

"ನಾನೇ."

"ಹಾಗಾದರೆ ನಿಮಗೇ ಗೊತ್ತಿರಬೇಕಲ್ಲ," ಎಂದು ಅಂಕಗಳ ಪಟ್ಟಿಯನ್ನು ನನ್ನ ಕಡೆ ಸರಿಸಿದರು.

ಅವಳು ಪಾಸಾಗಿದ್ದಳು. ಸಹಿ ಹಾಕಿದೆ.