ಓಲೆ ಇರಲಿ ಎಂದವನು ನಾನೇ

ಗಿರಿಜಕ್ಕನ ಬಲಗಿವಿ ಕೆಡಿಸಿದವನು ನಾನು. ಅದು ಸಾಲದೆಂಬಂತೆ, ತಪ್ಪು ಅವರದೇ ಎಂದು ಅವರನ್ನು ನಂಬಿಸಿದವನೂ ನಾನೇ. ಇಷ್ಟು ವರ್ಷ ಭಯ ಹೇಳಿದಂತೆ ಕೇಳಿಕೊಂಡು ಬಂದದ್ದು ಸಾಕು.

ನಾನು ಮೈಸೂರಿನವನು, ಕಾಶಿಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಸದ್ದನ್ನು ಸದ್ದಿನಿಂದಲೇ ಅಡಗಿಸುವುದು ನನ್ನ ವಿದ್ಯೆ. ಮೈಕು ಹೊರಗಿನ ಗದ್ದಲವನ್ನು ಹಿಡಿಯುತ್ತದೆ, ಅದಕ್ಕೆ ಸರಿಯಾಗಿ ತಿರುವುಮುರುವಾದ ಸದ್ದನ್ನು ಕಿವಿಯ ಬಳಿಯ ಸ್ಪೀಕರು ಹೊರಡಿಸುತ್ತದೆ, ಎರಡೂ ಸೇರಿ ಅಡಗುತ್ತವೆ. ಎಷ್ಟು ಹೊರಡಿಸಬೇಕೆಂದು ಫಿಲ್ಟರೆಂಬ ಪ್ರೋಗ್ರಾಮು ಕ್ಷಣಕ್ಷಣಕ್ಕೂ ತಾನೇ ಕಲಿತು ತಿದ್ದಿಕೊಳ್ಳುತ್ತದೆ. ಆದರೆ ಸ್ಪೀಕರಿನ ಸದ್ದು ಕಿವಿಗೆ ಹೇಗೆ ಹೋಗುತ್ತದೆ ಎಂಬುದನ್ನು ಮೊದಲೇ ಅಳೆದು ಅದಕ್ಕೆ ಹೇಳಿಕೊಟ್ಟಿರಬೇಕು. ಆ ಅಳತೆ ತಪ್ಪಿತೋ, ಅದು ಕಳೆಯುವ ಬದಲು ಕೂಡುತ್ತದೆ. ಕೂಡಿದ್ದನ್ನು ಕಳೆಯಲು ಹೋಗಿ ಇನ್ನಷ್ಟು ಕೂಡುತ್ತದೆ. ಅದಕ್ಕೇ, ಇಷ್ಟಕ್ಕಿಂತ ಜೋರಾಗಿ ಕೂಗಬಾರದೆಂದು ಪ್ರೋಗ್ರಾಮಿನಲ್ಲಿ ಒಂದು ಮಿತಿ ಹಾಕಿರುತ್ತೇವೆ.

ಅಂದು ಆ ಮಿತಿಯನ್ನು ನಾನು ತೆಗೆದುಹಾಕಿದ್ದೆ. ಅದಿದ್ದರೆ ಪ್ರದರ್ಶನಕ್ಕೆಂದು ಓಡಿಸಿದ್ದ ಜನರೇಟರಿನ ಆರ್ಭಟ ಪೂರ್ತಿ ಅಡಗುತ್ತಿರಲಿಲ್ಲ. ಅನುದಾನ ಕೊಡುವವರು ದೆಹಲಿಯಿಂದ ನೋಡಲು ಬಂದಿದ್ದರು.

ಹೆಡ್‌ಫೋನು ಹಾಕಿಕೊಂಡು ಕೂರಲು ಒಪ್ಪಿದವರು ಗಿರಿಜಕ್ಕ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ರೈಲ್ವೆ ನೌಕರರ ಹೆಂಡತಿ, ಮನೆ ಕೇದಾರ ಘಾಟಿನ ಹತ್ತಿರ. ಒಂಟಿಯಾಗಿದ್ದ ನನಗೆ ಹಬ್ಬಹಬ್ಬಕ್ಕೂ ಎಲೆ ಹಾಕಿ ಬಡಿಸಿದವರು. ಕಿವಿಯಲ್ಲಿ ತಿರುಪಿನ ದಪ್ಪ ಓಲೆ. ಮುತ್ತೈದೆಯರು ಅದನ್ನು ಸುಮ್ಮಸುಮ್ಮನೆ ಬಿಚ್ಚುವುದಿಲ್ಲ — ಆದರೂ ಅವರೇ ಕೇಳಿದರು, “ಓಲಿ ತಗೀಬೇಕೇನಪಾ?”

“ಬೇಡಕ್ಕ, ಇರಲಿ ಬಿಡಿ.”

ಓಲೆಯಿದ್ದರೆ ಹೆಡ್‌ಫೋನಿನ ಮೆತ್ತೆ ಕಿವಿಗೆ ಸರಿಯಾಗಿ ಕೂರುವುದಿಲ್ಲ, ಮತ್ತೆ ಅಳೆಯಬೇಕು — ಗೊತ್ತಿತ್ತು. ತಿರುಪು ಬಿಚ್ಚುವಷ್ಟು, ಅಳೆಯುವಷ್ಟು ವ್ಯವಧಾನವಿರಲಿಲ್ಲ. ಬಂದವರು ಗಡಿಯಾರ ನೋಡುತ್ತಿದ್ದರು. ಪ್ರಯೋಗಕ್ಕೆ ಬಳಸುವ ಪ್ಲಾಸ್ಟಿಕ್ ಬೊಂಬೆತಲೆಯ ಮೇಲೆ ಮೊದಲೇ ತೆಗೆದ ಅಳತೆಯನ್ನೇ ಇಟ್ಟುಕೊಂಡು ಸ್ವಿಚ್ ಒತ್ತಿದೆ. ಗದ್ದಲ ಅಡಗಿತು, ಅಕ್ಕ ನಕ್ಕರು. ಆ ನಗು ನನಗೆ ತೋರಿಸಲೆಂದು ಕತ್ತು ತಿರುಗಿಸಿದರು, ಮೆತ್ತೆ ಓಲೆಯ ಮೇಲೆ ಜಾರಿತು — ಸ್ಪೀಕರಿನಿಂದ ಹೊರಟ ಕಿರುಚು ಬಾಗಿಲ ಬಳಿ ನಿಂತವರಿಗೂ ಕೇಳಿಸಿತು. ಅಕ್ಕ ಹೆಡ್‌ಫೋನು ಕಿತ್ತೆಸೆದು, ಕಿವಿ ಮುಚ್ಚಿಕೊಂಡು ಕುಸಿದರು.

ಎಲ್ಲರೂ ನನ್ನನ್ನೇ ನೋಡಿದರು. ಕೆಲಸ ಹೋಯಿತು, ಮಾನ ಹೋಯಿತು ಎಂದುಕೊಂಡೆ. ಅಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಅದು ನೆನಪಾದದ್ದೇ ತಡ —

“ಓಲೆ ತೆಗೆದಿಡಿ ಅಂತ ಹೇಳಿದ್ದೆನಲ್ಲಕ್ಕ.”

ಬಂದವರಿಗೂ ಹಿಂದಿಯಲ್ಲಿ ಅದನ್ನೇ ಹೇಳಿದೆ. ಅಕ್ಕ ನನ್ನ ಮುಖವನ್ನೇ ನೋಡಿದರು. “ಹೇಳಿದ್ಯೇನು? ನಾನ ಮರ್ತೆ ಕಾಣಸ್ತದ” ಎಂದರು.

ಅವರ ತಾಯಿ ಕೊನೆಗಾಲದಲ್ಲಿ ಹೆತ್ತ ಮಕ್ಕಳ ಗುರುತೂ ಸಿಗದೆ ಹೋದವರು. ನಾನು ಸುಳ್ಳಾಡಿದ ದಿನದಿಂದ ಅಕ್ಕನಿಗೆ ಅದೇ ದಿಗಿಲು ಹಿಡಿಯಿತು. ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡುವರು. ಕಾಶಿಯ ಲಂಕಾ ಬಡಾವಣೆಯ ಡಾಕ್ಟರಲ್ಲಿಗೆ ಹೋಗಿ ನೆನಪಿಗೆ ಗುಳಿಗೆ ಕೇಳುವರು. ಬಲಗಿವಿಯಲ್ಲಿ ಸದಾ ಗುಂಯ್ ಎನ್ನುತ್ತದಂತೆ. ನಾನು ಅವರ ಮನೆಯಲ್ಲೇ ಊಟಕ್ಕೆ ಕೂತು ಇದನ್ನೆಲ್ಲ ಕೇಳುತ್ತಿದ್ದೆ — ಉಂಡ ಮನೆಗೇ ಎರಡು ಬಗೆದವನು. ಎಂದಾದರೂ ಅವರಿಗೆ ನೆನಪಾಗಿಬಿಟ್ಟರೆ ಎಂಬ ಭಯ ಬೇರೆ.

ಈಚೆಗೆ ಮಿತಿಯಿಲ್ಲದ ಅದೇ ಪ್ರೋಗ್ರಾಮನ್ನು, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಮಲಗಿಸುವ ಗಾಜಿನ ಪೆಟ್ಟಿಗೆಗೆ, ಒಳಗೆ ಗದ್ದಲ ಕೇಳದಿರಲೆಂದು, ಅಳವಡಿಸಲು ಆಸ್ಪತ್ರೆಯೊಂದು ಒಪ್ಪಿತು. ಹಳೆಯ ಅಪಘಾತದ ಮಾತು ಬಂದಾಗ ಓಲೆಯ ಕತೆ ಹೇಳಿದೆ. ಕೂಸುಗಳಿಗೆ ಓಲೆಯೆಲ್ಲಿ ಎಂದು ಆಸ್ಪತ್ರೆಯವರು ನಕ್ಕರು. ನರ್ಸು ಕೈ ಹಾಕಲು ಪೆಟ್ಟಿಗೆಯ ಕಿಂಡಿ ತೆರೆದರೆ ಅಳತೆ ಹಾಗೆಯೇ ತಪ್ಪುತ್ತದೆಂದು ನನ್ನೊಬ್ಬನಿಗೇ ಗೊತ್ತು. ಮಿತಿಯನ್ನು ಮತ್ತೆ ಹಾಕಿದರೆ ತೋರಿಸಿದ ಫಲಿತಾಂಶ ಬರುವುದಿಲ್ಲ. ಹಾಕಲಿಲ್ಲ.

ಹೋದ ವಾರ ಗಿರಿಜಕ್ಕನ ಮಗಳಿಗೆ ಅದೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು — ತಿಂಗಳು ತುಂಬಿರಲಿಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡರು. “ನಮ್ಮ ಕೂಸಿನ ಪೆಟಗಿಗೇ ಮೊದಲ ಹಚ್ಚಪಾ. ಅವತ್ತ ತಪ್ಪು ನಂದಿತ್ತು, ಮಷೀನಿಂದಲ್ಲ.”

ಆ ಕಿರುಚು, ಅಷ್ಟು ಸಣ್ಣ ಕಿವಿಗೆ —

ಇಂದು ಬೆಳಿಗ್ಗೆ ಡಾಕ್ಟರಿಗೆ ಎಲ್ಲವನ್ನೂ ಹೇಳಿ, ಇನ್ನೂ ಚಾಲೂ ಆಗಿರದ ಯಂತ್ರವನ್ನು ಬಿಚ್ಚಿಸಿದೆ. ಕಾಲೇಜಿಗೂ ತಿಳಿಸಿದೆ, ಅವರೇನು ಮಾಡುತ್ತಾರೋ ಗೊತ್ತಿಲ್ಲ. ಆಮೇಲೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕನ ಮುಂದೆ ನಿಂತು, ಅವರು ಕೇಳಿದ್ದನ್ನು, ನಾನು ಬೇಡವೆಂದದ್ದನ್ನು, ಸುಳ್ಳಾಡಿದ್ದನ್ನು ಹೇಳಿದೆ. ಬೈಯಲಿ, ಹೊಡೆಯಲಿ ಎಂದು ಕಾದೆ.

ಅವರ ಕೈ ಬಲಗಿವಿಯ ಓಲೆಗೆ ಹೋಯಿತು.

“ಹಂಗಾದ್ರ ನಾ ಏನೂ ಮರ್ತಿದ್ದಿಲ್ಲ” ಎಂದರು, ತಮಗೇ ಹೇಳಿಕೊಳ್ಳುವಂತೆ. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಮಗಳ ಬಳಿಗೆ ಹೋದರು. ನನ್ನ ಕಡೆ ತಿರುಗಿ ನೋಡಲಿಲ್ಲ.