ಅರ್ಜಿ ತಾತನ ಏಳು ಮೆಟ್ಟಿಲು

ಮಂಗಳಾರತಿಗೆ ಕರ್ಪೂರ ಹಚ್ಚಿದರೆ ಮನೆಯಲ್ಲಿ ಎಲ್ಲರಿಗೂ ದೇವರು ನೆನಪಾಗುತ್ತಾನೆ. ನನಗೆ ಅರ್ಜಿ ತಾತ ನೆನಪಾಗುತ್ತಾರೆ. ಕಾಗದಕ್ಕೆ ಹುಳು ಹತ್ತಬಾರದೆಂದು ಅವರು ತಮ್ಮ ನೋಟ್‌ಬುಕ್ಕಿನ ಹಾಳೆಗಳ ನಡುವೆ ಕರ್ಪೂರದ ಬಿಲ್ಲೆ ಇಡುತ್ತಿದ್ದರು. ಆ ನೋಟ್‌ಬುಕ್ಕು ಈಗ ನನ್ನ ಬೀರುವಿನಲ್ಲಿದೆ. ಬಿಲ್ಲೆ ಯಾವತ್ತೋ ಕರಗಿಹೋಗಿದೆ, ವಾಸನೆ ಮಾತ್ರ ಇನ್ನೂ... ಅಥವಾ ಅದು ನನ್ನ ಭ್ರಮೆಯೋ ಏನೋ.

ಬಂಗಾರಪೇಟೆ ಸ್ಟೇಷನ್ನಿನ ಎದುರು, ಒಂದು ದಿನಸಿ ಅಂಗಡಿಯ ಜಗುಲಿಯೇ ಅವರ ಆಫೀಸು. ಚಾಪೆ, ಗಿಡ್ಡ ಮೇಜು, ಮಸಿ ಕುಡಿಕೆ, ಸುಡುಬಿಸಿಲಲ್ಲೂ ಮೈಮೇಲೆ ಕರಿ ಕೋಟು. ಇಂಗ್ಲಿಷ್ ಬಾರದವರ ಪರವಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದು ಅವರ ಕಸುಬು.

ನಾವು ಅಲ್ಲಿಗೆ ಹೋದದ್ದು ಅಪ್ಪನಿಗಾಗಿ. ಅಪ್ಪ ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿದ್ದ. ನೆಲದಡಿ ಕೆಲಸ ಶುರು ಮಾಡುವ ಮುಂಚೆ ಗಣಿಯವರು ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಬಂಡೆ ಠಣ್ ಎನ್ನುತ್ತದೆ, ಸಡಿಲವಾದದ್ದು ಪೊಳ್ಳು ಸದ್ದು ಮಾಡುತ್ತದೆ. ಐವತ್ತರ ದಶಕದ ಮೊದಲಲ್ಲಿ ಒಂದು ದಿನ, ಅಪ್ಪ ತಟ್ಟಿ ನೋಡಿ ಗಟ್ಟಿ ಎಂದಿದ್ದ ಜಾಗದಲ್ಲೇ ಬಂಡೆ ಸಿಡಿದು ಜೊತೆಗಾರ ಸತ್ತ. ಅಪ್ಪ ಉಳಿದ. ಉಳಿದವನು ಕಂಡದ್ದನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟತೊಡಗಿದ. ನಮ್ಮ ಮನೆ ಗೋಡೆ, ಪಕ್ಕದ ಮನೆ ಗೋಡೆ, ನನ್ನ ಶಾಲೆಯ ಗೋಡೆ. ಒಂದು ಮಧ್ಯಾಹ್ನ ಪಕ್ಕದ ಮನೆಗೆ ನುಗ್ಗಿ, "ಪೊಳ್ಳೈತೆ, ಆಚೆ ಬನ್ರಿ!" ಎಂದು ಹಸಿ ಬಾಣಂತಿಯನ್ನು ಕೂಸಿನ ಸಮೇತ ಬಿಸಿಲಿಗೆ ಎಳೆದು ತಂದ.

ಗಣಿ ಕೂಲಿಗಳ ಸಾಲುಮನೆಗಳಿದ್ದ ನಮ್ಮ ಲೈನಿನಲ್ಲಿ ಬೈಯುವುದಕ್ಕೆ ಭಾಷೆಯ ಬರ ಇರಲಿಲ್ಲ. ಕನ್ನಡದವರು ಹುಚ್ಚ ಎಂದರು, ತಮಿಳರು ಪೈತಿಯಂ, ತೆಲುಗರು ಪಿಚ್ಚೋಡು. ದೂರು ಗಣಿ ಆಫೀಸಿಗೆ ಹೋಯಿತು. ತಲೆ ಸರಿಯಿಲ್ಲದವನನ್ನು ಕೆಲಸದಿಂದ ಯಾಕೆ ತೆಗೆಯಬಾರದು, ವಾರದೊಳಗೆ ಉತ್ತರ ಕೊಡಿ ಎಂದು ಕಾಗದ ಬಂತು. ಕೆಲಸ ಹೋದರೆ ಲೈನಿನ ಮನೆಯೂ ಹೋದಂತೆಯೇ. ಲೈನಿನವರ ಬಾಯಿಗೆ ಬೀಳಬಾರದೆಂದು ಅಮ್ಮ, ಒಂಬತ್ತನೇ ಕ್ಲಾಸಿನಲ್ಲಿದ್ದ ನನ್ನನ್ನು ಕರೆದುಕೊಂಡು ರೈಲು ಹತ್ತಿ ಬಂಗಾರಪೇಟೆಗೆ ಬಂದಳು.

ತಾತ ಕಾಗದ ಓದಿ, ನೋಟ್‌ಬುಕ್ಕು ತೆರೆದು ನನ್ನ ಮುಂದಿಟ್ಟರು. ಒಂದು ಹಾಳೆಯ ತುಂಬ ಮೆಟ್ಟಿಲುಗಳ ಚಿತ್ರ. ಒಂದೊಂದು ಮೆಟ್ಟಿಲಿನ ಮೇಲೂ ಹುಚ್ಚಿನ ಒಂದೊಂದು ಹಂತಕ್ಕೆ ಒಂದೊಂದು ಇಂಗ್ಲಿಷ್ ಪದ, ಕೆಳಗಿನಿಂದ ಮೇಲಕ್ಕೆ: ವಿಮ್ಸಿಕಲ್, ಆಡ್, ಎಕ್ಸೆಂಟ್ರಿಕ್, ಕ್ರ್ಯಾಂಕ್, ಕ್ರ್ಯಾಕ್‌ಪಾಟ್, ಅನ್‌ಹಿಂಜ್ಡ್, ಲೂನಟಿಕ್.

"ವಿಮ್ಸಿಕಲ್ ಅಂದ್ರೆ ಏನೋ ಒಂದು ತಮಾಸೆ ಉಮೇದು, ಎಕ್ಸೆಂಟ್ರಿಕ್ ಅಂದ್ರೆ ವಿಚಿತ್ರ ಚಾಳಿ, ಅಷ್ಟೇ. ಅನ್‌ಹಿಂಜ್ಡ್ ಅಂದ್ರೆ ಬಾಗ್ಲು ಕೀಲು ಕಳಚ್ಕೊಂಡೈತೆ ಅಂತ. ಇನ್ನೂ ಕೂರಿಸ್ಬೋದು," ಎಂದರು. "ಲೂನಟಿಕ್ ಅಂದ್ರೆ ಮನೇನೇ ಬಿದ್ದೋಯ್ತು."

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಯಾವ್ದಾನಾ ಒಂದು ಆಕ್ಬುಡಿ ಸಾಮಿ, ಮನೆ ಉಳುದ್ರೆ ಸಾಕು," ಎಂದಳು.

"ಆಳ್ನ ನೋಡ್ದೆ ನಾನು ಪದ ಆಕಲ್ಲ ತಾಯಿ."

ಅದು ಅವರ ಪದ್ಧತಿ. ಚಾಪೆ ಸುತ್ತಿ ಅಂಗಡಿಯವನಿಗೆ ಒಪ್ಪಿಸಿ, ನಮ್ಮ ಜೊತೆಗೇ ರೈಲು ಹತ್ತಿದರು. ಮನೆ ಬಾಗಿಲಲ್ಲಿ ಅಪ್ಪ ಅವರನ್ನು ತಡೆದು ನಿಲ್ಲಿಸಿದ. ಕರಿ ಕೋಟಿನ ಎದೆಯ ಮೇಲೆ ಗೆಣ್ಣಿನಿಂದ ಮೂರು ಸಲ ತಟ್ಟಿದ. ನಾನು ನಾಚಿಕೆಯಿಂದ ಸತ್ತೇಹೋದೆ. ತಾತ ಮಾತ್ರ ಉಸಿರು ಹಿಡಿದು ನೆಟ್ಟಗೆ ನಿಂತಿದ್ದರು.

"ಗಟ್ಟಿಯಾಗೈತೆ. ಒಳಕ್ ಬನ್ನಿ ಸಾಮಿ," ಎಂದ ಅಪ್ಪ.

ಸಂಜೆಯವರೆಗೂ ಕೂತು ಅಪ್ಪನ ಜೊತೆ ಬಂಡೆ, ಸಲಾಕೆ, ಸತ್ತವನು ಎಲ್ಲವನ್ನೂ ಮಾತಾಡಿದರು. ಹೊರಡುವಾಗ ನನಗೆ ಹೇಳಿದರು: "ಬಂಗ್ಲೆ ದೊರೆ ನಾಯಿಗೆ ಕೊಡೆ ಇಡ್ಕೊಂಡು ವಾಕಿಂಗ್ ಓಗ್ತಾನಲ್ಲ, ಅವನ್ಗೆ ಎಕ್ಸೆಂಟ್ರಿಕ್ ಅಂತಾರೆ. ನಿಮ್ಮಪ್ಪಂಗೂ ಅದೇ. ದೊರೆಗೊಂದು, ಕೂಲಿಯವನ್ಗೊಂದು ಪದ ನನ್ನತ್ರ ಇಲ್ಲ."

ಹಾಗೆಯೇ ಬರೆದರು. ಗಣಿಯವನ ಎಚ್ಚರಿಕೆ ಅವನ ಹಿಂದೆಯೇ ಮನೆಗೂ ಬಂದಿದೆ, ಈತ ಎಕ್ಸೆಂಟ್ರಿಕ್, ಅಷ್ಟೇ ಎಂದು. ಗಣಿ ಆಫೀಸಿನಲ್ಲಿ ಅದನ್ನು ಓದಿದ್ದು ನಾಯಿಗೆ ಕೊಡೆ ಹಿಡಿಯುವ ಅದೇ ಇಂಗ್ಲಿಷ್ ದೊರೆ. ಜೋರಾಗಿ ನಕ್ಕನಂತೆ. ಅಪ್ಪನನ್ನು ನೆಲದಡಿಯಿಂದ ಬಿಡಿಸಿ, ಮೇಲೆ, ಗಣಿಗಿಳಿಯುವವರಿಗೆ ದೀಪ ಕೊಡುವ ಕೋಣೆಗೆ ಹಾಕಿದ. ಅಪ್ಪ ಅಲ್ಲಿ ದೀಪಗಳನ್ನೂ ತಟ್ಟಿ ತಟ್ಟಿ ಕೊಡುತ್ತಿದ್ದ. ಯಾರೂ ತಕರಾರು ಮಾಡಲಿಲ್ಲ. ನಾನು ಓದಿದೆ, ಅರವತ್ತರ ದಶಕದಲ್ಲಿ ಬಂಗಾರಪೇಟೆಯ ಶಾಲೆಯಲ್ಲೇ ಮೇಡಂ ಆದೆ. ತಾತ ಖುಷಿಯಾಗಿ ಆ ನೋಟ್‌ಬುಕ್ಕನ್ನು ನನಗೇ ಕೊಟ್ಟುಬಿಟ್ಟರು.

ಕೆಲವು ವರ್ಷ ಕಳೆದ ಮೇಲೆ ತಾತನಿಗೆ ತಲೆ ಕೆಟ್ಟಿದೆಯೆಂಬ ಸುದ್ದಿ ಹಬ್ಬಿತು. ಯಾರೂ ಕೇಳದ ಅರ್ಜಿಗಳನ್ನು ಬರೆದು ಸ್ಟೇಷನ್ನಿನ ಗೋಡೆಗೆ ಅಂಟಿಸುತ್ತಾರಂತೆ, ಮೇಕೆಗಳ ಪರವಾಗಿ, ಮರದ ಪರವಾಗಿ... ನನಗೂ ಕೆಲಸ, ಮಕ್ಕಳು, ನೂರೆಂಟು ತಾಪತ್ರಯ. ಹೋಗಬೇಕು ಅಂದುಕೊಳ್ಳುತ್ತಲೇ ಇದ್ದೆ. ಒಂದು ದಿನ ಕಾಮಸಮುದ್ರದಿಂದ ಅವರ ತಮ್ಮನ ಮಗ ಶಾಲೆಗೇ ಬಂದ. "ದೊಡ್ಡಪ್ಪನ್ನ ಬೆಂಗ್ಳೂರ್ ಮೆಂಟಲ್ ಆಸ್ಪತ್ರೆಗೆ ಸೇರಿಸ್ಬೇಕು, ಇಂಗ್ಲಿಷ್ನಾಗೆ ಒಂದು ಕಾಗ್ದ ಬರ್ಕೊಡಕ್ಕಾ," ಎಂದ. ಮುಂದಿನ ಪೀರಿಯಡ್ಡಿನ ಗಂಟೆ ಹೊಡೆದಿತ್ತು. ನಿಂತುಕೊಂಡೇ ನಾಲ್ಕು ಸಾಲು ಬರೆದೆ. ಬೇಗ ಸೇರಿಸಿಕೊಳ್ಳಲಿ ಎಂದು ತುತ್ತತುದಿಯ ಪದವನ್ನೇ ಹಾಕಿದೆ. ಲೂನಟಿಕ್. ಬೇರೆ ಯಾರೂ ಹೇಳಿಕೊಡಲಿಲ್ಲ, ತಪ್ಪು ಪೂರ್ತಿ ನನ್ನದೇ.

ಮಾರನೆಯ ಬೆಳಿಗ್ಗೆ ಬೀಳ್ಕೊಡಲು ಸ್ಟೇಷನ್ನಿಗೆ ಹೋದೆ. ಕೋಟು ತೊಟ್ಟು ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲಿ ನನ್ನ ಕಾಗದ. ಅದನ್ನು ಅವರು ಓದಿಯೇ ಓದುತ್ತಾರೆಂದು ನನಗೆ ಹೊಳೆದಿರಲೇ ಇಲ್ಲ!

"ಅಕ್ಷರ ದುಂಡಗೈತೆ ಮಗಾ," ಎಂದರು. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. "ನೋಡಕ್ ಬರ್ಲಿಲ್ವಲ್ಲ ನೀನು."

ರೈಲು ಹೋದ ಮೇಲೆ ಗೋಡೆಯ ಮೇಲಿದ್ದ ಅರ್ಜಿಯನ್ನು ಓದಿದೆ. ಪ್ಲಾಟ್‌ಫಾರಂ ಪಕ್ಕದ ಬೇವಿನ ಮರವನ್ನು ಕಡಿಯಬೇಡಿ, ಕೂಲಿಯವರು ಊಟಕ್ಕೆ ಕೂರುವ ನೆರಳು ಅದೊಂದೇ ಎಂದು ಮರವೇ ಬೇಡಿಕೊಂಡಂತೆ ಬರೆದಿದ್ದರು. ಒಂದೂ ತಪ್ಪಿಲ್ಲ. ವಿಮ್ಸಿಕಲ್, ಅಷ್ಟೇ. ಮೊದಲನೇ ಮೆಟ್ಟಿಲು.

ಅವರು ಮತ್ತೆ ಬಂಗಾರಪೇಟೆಗೆ ಬರಲಿಲ್ಲ. ಆ ಮಳೆಗಾಲದಲ್ಲೇ ತೀರಿಕೊಂಡರೆಂದು ತಮ್ಮನ ಮಗ ಕಾರ್ಡು ಬರೆದ.

ಈಗ ಮನೆಯಲ್ಲಿ ಯಾರಾದರೂ ಯಾರನ್ನಾದರೂ "ಅದು ಮೆಂಟಲ್ ಬಿಡಿ" ಎಂದರೆ, ಹೋಗಿ ನೋಡಿ ಬಂದಿರಾ ಎಂದು ರೇಗುತ್ತೇನೆ. ಅಜ್ಜಿಗೆ ಅರಳುಮರುಳು ಎಂದು ಮೊಮ್ಮಕ್ಕಳು ನಗುತ್ತಾರೆ, ನಗಲಿ. ಶಾಲೆಯಿಂದ ತಾತನ ಜಗುಲಿಗೆ ಹತ್ತು ನಿಮಿಷದ ದಾರಿ. ನನ್ನಪ್ಪನನ್ನು ನೋಡಲು ಅವರು ರೈಲು ಹತ್ತಿ ಬಂದಿದ್ದರು.